ಬಿಲ್ಲೆ ತಿರುವಿ ನೋಡಿದವನ ಪಾಡು

ಗಡಿಯಾರ ರಿಪೇರಿಯವನ ಹತ್ತಿರ ಜನ ಗಡಿಯಾರವನ್ನೇ ತರುತ್ತಾರೆ ಎಂದು ನೀವು ತಿಳಿದುಕೊಂಡಿದ್ದರೆ, ಚಿಕ್ಕೋಡಿಯ ನನ್ನ ಅಂಗಡಿಯಲ್ಲಿ ನೀವು ಒಂದು ದಿನವೂ ಕೂತಿಲ್ಲ ಎಂದಾಯಿತು. ಮೊಬೈಲು ಬಂದ ಮೇಲೆ ಕೈಗೆ ಗಡಿಯಾರ ಕಟ್ಟುವವರು ಮದುಮಕ್ಕಳು ಮಾತ್ರ, ಅದೂ ಫೋಟೋ ತೆಗೆಯುವವರೆಗೆ. ನನ್ನ ಬಳಿ ಈಗ ಬರುವುದು ಹೆಚ್ಚಾಗಿ ಅಜ್ಜಂದಿರ ಬಿಲ್ಲೆಗಳು. ಬಿಲ್ಲೆ ಎಂದರೆ ಯುದ್ಧದ ಪದಕ. ಇಂಗ್ಲಿಷರ ಕಾಲದ ಎರಡು ಮಹಾಯುದ್ಧಗಳಿಗೂ ನಮ್ಮ ಸೀಮೆಯಿಂದ ಹೋದವರು ಬಹಳ ಮಂದಿ. ಹಳೆಯ ಮನೆಯ ಟ್ರಂಕು ತೆಗೆದರೆ ಮದುವೆಯ ರುಮಾಲಿನ ಕೆಳಗೆ ಒಂದು ಬಿಲ್ಲೆ ಸಿಕ್ಕರೂ ಸಿಕ್ಕೀತು.

ಈ ಹುಚ್ಚು ನನಗೆ ಹತ್ತಿದ್ದು ಒಬ್ಬ ಮುದುಕರಿಂದ. ಅವರು ತಮ್ಮ ಅಪ್ಪನ ಬಿಲ್ಲೆ ತಂದು, "ಅಂಚಿನ ಮ್ಯಾಲೆ ಏನೋ ಬರದೈತಿ, ಓದಿ ಹೇಳ್ರಿ" ಅಂದರು. ಗಡಿಯಾರದ ಹಲ್ಲು ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಿಂದ ನೋಡಿದೆ. ನಂಬರು, ಹುದ್ದೆ, ಹೆಸರು, ಪಲ್ಟನ್ನು, ಎಲ್ಲ ಇತ್ತು. ಅಪ್ಪನ ಹೆಸರು ಕೇಳಿ ಮುದುಕರು ಅಂಗಡಿಯಲ್ಲೇ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಆಮೇಲೆ ಪುಸ್ತಕ ತರಿಸಿ ಓದಿದೆ, ಫೋನಿನಲ್ಲಿ ನೋಡಿದೆ, ಯಾವ ರಿಬ್ಬನ್ನು ಯಾವ ದೇಶದ ಯುದ್ಧದ್ದು ಎಂದು ಬಾಯಿಪಾಠ ಮಾಡಿದೆ. ಈಗ ರಾಯಬಾಗದಿಂದ ಕಾಗವಾಡದವರೆಗೆ ನಾನು ಬಿಲ್ಲೆಯ ಪಂಡಿತ.

ಪಂಡಿತನಾದವನಿಗೆ ಒಂದು ರೋಗವಿದೆ. ಕಂಡದ್ದು ಹೇಳದೆ ಇರಲಿಕ್ಕೆ ಆಗುವುದಿಲ್ಲ. ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಾನು ಒಂದು ಖರೆ ಮಾತು ಹೇಳಿದಾಗಲೆಲ್ಲ ಒಂದು ಮನೆತನದ ಗೋಡೆ ಗಡಿಯಾರಗಳು ಬೇರೆ ಅಂಗಡಿಗೆ ಹೋದವು. ನನ್ನ ಹೆಂಡತಿಗೆ ಇದೇ ಚಿಂತೆ. "ನಾ ನಿಮಗ ಸುಳ್ಳ ಹೇಳ್ರಿ ಅನ್ನಾಕತ್ತಿಲ್ಲ. ಛಲೋ ಐತಿ ಅಂದು ಸುಮ್ನ ಕೂಡ್ರಿ ಅನ್ನಾಕತ್ತೀನಿ" ಎಂದು ದಿನಕ್ಕೊಮ್ಮೆ ಹೇಳುತ್ತಾಳೆ. ನನ್ನ ಬಾಯಿಯೊಂದಿಗೆ ಅವಳ ಈ ಜಗಳದ ಮಧ್ಯೆಯೇ ಮುಂದಿನವೆಲ್ಲ ನಡೆದದ್ದು.

೧. ರಾಜನ ಗಡ್ಡ

ಜುಗೂಳದಿಂದ ಒಬ್ಬರು ಫೋನಿನಲ್ಲಿ ಫೋಟೋ ಕಳಿಸಿದರು. ಮೊದಲ ಮಹಾಯುದ್ಧದ ಬೆಳ್ಳಿಯ ಬಿಲ್ಲೆ. ನೂರು ವರ್ಷದ ಕಪ್ಪು ಹಿಡಿದು, ಗಡ್ಡದ ರಾಜನ ಮುಖ ಒಂದೊಂದು ಕೂದಲೂ ಎಣಿಸುವ ಹಾಗೆ ಎದ್ದು ನಿಂತಿತ್ತು. ನನಗೆ ಜೀವ ನಿಲ್ಲಲಿಲ್ಲ. ಕೂಡಲೇ ಫೋನು ಮಾಡಿ, "ಹೆಂಗ ಐತಿ ಹಂಗ ತರ್ರಿ. ಏನೂ ಮಾಡಾಕ ಹೋಗಬ್ಯಾಡ್ರಿ. ಇದರ ಕಿಮ್ಮತ್ತ ಇರೂದ ಆ ಕರೀ ಬಣ್ಣದಾಗ" ಅಂದೆ. "ಆತ್ರಿ" ಅಂದರು.

ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು. ಹೆಂಡತಿ ಪರ್ಸಿನಿಂದ ಒಂದು ಬಿಳಿ ವಸ್ತ್ರ ತೆಗೆದು ಬಿಚ್ಚಿದರು. ಒಳಗೆ ಏನೋ ಫಳಫಳ ಹೊಳೆಯುತ್ತಿತ್ತು. ರಾಜನ ಗಡ್ಡ ಪೂರ್ತಿ ಬೋಳಾಗಿತ್ತು. ಮೂಗಿನ ಜಾಗದಲ್ಲಿ ಮೂಗು ಇರಲಿಲ್ಲ. ಅಂಚಿನ ಅಕ್ಷರಗಳಲ್ಲಿ ಒಂದೆರಡು ಮಾತ್ರ ಉಳಿದಿದ್ದವು.

"ಏನ್ ಮಾಡಿದ್ರಿ ಇದಕ್ಕ?" ಅಂದೆ.

"ಏನಿಲ್ರಿ, ಹುಣಸಿಹಣ್ಣ ಹಚ್ಚಿ, ಬೂದಿ ಹಾಕಿ ತಿಕ್ಕೀನಿ. ಹೋಗಲಿಲ್ಲ. ಆಮ್ಯಾಲೆ ತಂತಿ ಬ್ರಶ್ಶಿಲೆ ತಿಕ್ಕೀನಿ. ಪರ ಊರಿಗೆ ಒಯ್ಯೂ ಸಾಮಾನ, ಹಂಗ ಹೊಲಸ ಒಯ್ದ್ರ ನೀವು ನಮ್ಮ ಮನಿ ಹೆಣ್ಣಮಕ್ಕಳಿಗೆ ಏನಂದೀರಿ?" ಅಂದರು ಆಕೆ.

ರಿಬ್ಬನ್ನು ಎಲ್ಲಿ ಎಂದೆ. ಅದು ಹರಿದಿತ್ತಂತೆ, ಒಲೆಗೆ ಹಾಕಿದರಂತೆ. ಬದಲಿಗೆ ತಮ್ಮ ಇಳಕಲ್ ಸೀರೆಯ ಸೆರಗಿನ ತುಂಡು ಕತ್ತರಿಸಿ, ಹೆಮ್ ಹೊಲಿದು ಹಚ್ಚಿದ್ದರು. ಇಷ್ಟು ಅಚ್ಚುಕಟ್ಟಾಗಿ ಹಾಳಾದ ಬಿಲ್ಲೆಯನ್ನು ನಾನು ಎಂದೂ ಕಂಡಿರಲಿಲ್ಲ. ಗಂಡ ಪಾಪ, ಬಾಗಿಲ ಕಡೆ ನೋಡುತ್ತ ನಿಂತಿದ್ದರು. ನಾನು ತಡೆಯದೆ, "ಅಕ್ಕಾರ, ರಾಜನ ಮೂಗ ಹೋತಲ್ರಿ! ಗಡ್ಡಾ ಹೋತಲ್ರಿ!" ಅಂದೆ.

ಆಕೆ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಹೋಗ್ಲಿ ಬಿಡ್ರಿ. ಗಡ್ಡಾ ತಗದ ಮ್ಯಾಲೆ ಎಷ್ಟ ಸಣ್ಣಾಂವ ಕಾಣಾಕತ್ತಾನ ನೋಡ್ರಿ!"

೨. ವಾಟ್ನಿ

ನಮ್ಮ ಕಡೆ ಅಣ್ಣತಮ್ಮಂದಿರ ವಾಟ್ನಿ, ಅಂದರೆ ಆಸ್ತಿಯ ಪಾಲು, ಬಹಳ ಕಟ್ಟುನಿಟ್ಟು. ಹೊಲ, ಮನೆ, ಬಾವಿಯ ನೀರು, ಕಡೆಗೆ ರೊಟ್ಟಿ ಬಡಿಯುವ ಕೊಣಮಿಗೆಯವರೆಗೂ ಪಂಚರ ಮುಂದೆ ಸಮಪಾಲು. ಹಿರಿಯ ಪಾಲು ಹಾಕಬೇಕು, ಕಿರಿಯ ಆರಿಸಿಕೊಳ್ಳಬೇಕು. ಯಾರೂ ಕೊಂಕು ತೆಗೆಯುವ ಹಾಗಿಲ್ಲ.

ದಿಗ್ಗೇವಾಡಿಯಿಂದ ಒಬ್ಬರು ಬಂದು ನನ್ನ ಮುಂದೆ ಒಂದು ನಕ್ಷತ್ರದ ಬಿಲ್ಲೆಯನ್ನೂ, ಮತ್ತೊಂದು ವಸ್ತುವನ್ನೂ ಇಟ್ಟರು. ಎರಡನೆಯದನ್ನು ನಾನು ಮೂರು ಸಲ ತಿರುವಿ ನೋಡಿದೆ. ಗುಂಡನೆಯ ಬಿಲ್ಲೆ, ಎರಡನೇ ಮಹಾಯುದ್ಧದ್ದು. ಆದರೆ ಅರ್ಧವೇ ಇತ್ತು. ನಟ್ಟನಡುವೆ ಗರಗಸ ಆಡಿಸಿದ ಗುರುತು.

"ಇದರ ಇನ್ನೊಂದ ಅರ್ಧಾ ಎಲ್ಲಿ ಐತ್ರಿ?"

"ಅಣ್ಣನ ಹತ್ರ." ಮೆಲ್ಲಗೆ ಕೇಳಿದ ಮೇಲೆ ಉಳಿದ ಕಥೆ ಹೊರಬಂತು. ಅಜ್ಜನ ಬಿಲ್ಲೆಗಳು ಮೂರು, ಮೊಮ್ಮಕ್ಕಳು ಇಬ್ಬರು. ಒಬ್ಬೊಬ್ಬರಿಗೆ ಒಂದೊಂದು ನಕ್ಷತ್ರ ಬಂತು. ಗುಂಡನೆಯದು ಉಳಿಯಿತು. ಪಂಚರು ಬಹಳ ಹೊತ್ತು ವಿಚಾರ ಮಾಡಿ, ಊರ ಕಮ್ಮಾರನನ್ನು ಕರೆಸಿದರು.

"ಅಲ್ರಿ, ಮೂರೂ ಕೂಡಿ ಒಂದ ಪಟ್ಟಿಗೆ ಇದ್ದಾಗ ಇದಕ್ಕ ಬೆಲೆ. ಒಬ್ಬನ ಹೆಸರಿನ ಜೋಡಿ ಒಡೀಬಾರ್ದು. ನೀವು ಬಿಲ್ಲೇನ ಒಡದೀರಿ!" ಅಂದೆ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ತಮ್ಮ ಅರ್ಧದಲ್ಲಿ ರಾಜನ ಮುಖ ಬಂದದ್ದನ್ನು ಬೆರಳಿನಿಂದ ತೋರಿಸಿ ಖುಷಿಪಟ್ಟರು.

ಎಂಟು ದಿನಕ್ಕೆ ಅಣ್ಣ ಬಂದರು. ತಮ್ಮ ಬಂದುಹೋದದ್ದು ಅವರಿಗೆ ಗೊತ್ತಿಲ್ಲ. ಅವರೂ ಒಂದು ನಕ್ಷತ್ರ, ಒಂದು ಅರ್ಧ ಇಟ್ಟರು. ನನಗೆ ಆಸೆ ಹುಟ್ಟಿತು. ಇಬ್ಬರನ್ನೂ ಒಂದು ದಿನ ಕೂಡಿಸಿ, ಮೂರೂ ಬಿಲ್ಲೆ ಒಂದೆಡೆ ಇಡಿಸಿ, ಬೆಸುಗೆ ಹಾಕಿಸಿದರೆ ಅಜ್ಜನಿಗಾದರೂ ಸಮಾಧಾನವಾದೀತು ಎಂದು ಬಹಳ ನಯವಾಗಿ ಹೇಳಿದೆ. "ಹಿರ್‍ಯಾ ನೀವು. ನೀವ ಮದಲ ಒಂದ ಹೆಜ್ಜಿ ಇಡ್ರಿ. ತಮ್ಮ ಒಲ್ಲೆ ಅನ್ನೂದಿಲ್ಲ."

ಅಣ್ಣ ತಾವು ತಂದ ಅರ್ಧವನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಅವರ ಕಣ್ಣು ತುಂಬಿತ್ತು. "ನೋಡ್ರಿ ಇಲ್ಲಿ. ಸರಿಯಾಗಿ ನಡುವ ಕೊಯ್ಸಿದಾಂವ ನಾ. ಮುಖಾ ತಾ ಇಟ್ಕೊಂಡ ನನಗ ರಾಜನ ಹೆಡಕ ಕೊಟ್ಟಾನ. ದಿನಾ ಮುಂಜಾನಿ ಎದ್ದು ಹೆಡಕಿಗೆ ಹೆಂಗ ಕೈ ಮುಗೀಲಿ?"

೩. ಅಥಣಿಯ ಯಂತ್ರ

ಅಥಣಿಯಲ್ಲಿ ಒಬ್ಬ ಅಜ್ಜಿಯ ದೇವರ ಜಗಲಿಯ ಮೇಲೆ ಆರು ಮೂಲೆಯ ಹಿತ್ತಾಳೆ ಯಂತ್ರವಿತ್ತು. ಓಣಿಯ ಹೆಣ್ಣುಮಕ್ಕಳೆಲ್ಲ ಅದಕ್ಕೆ ನಡೆದುಕೊಳ್ಳುತ್ತಿದ್ದರು. ಅಜ್ಜಿಯ ಮಗ ಸ್ವಲ್ಪ ಓದಿದವರು. ಅವರಿಗೆ ಯಾಕೋ ಸಂಶಯ ಬಂದು ನನ್ನನ್ನು ಕರೆದುಕೊಂಡು ಹೋದರು.

ಅರಿಶಿನ ಕುಂಕುಮ ಬೆರಳು ದಪ್ಪ ಗಟ್ಟಿಯಾಗಿತ್ತು. ಅಜ್ಜಿಯ ಅಪ್ಪಣೆ ಪಡೆದು, ಸ್ನಾನ ಮಾಡಿ ಬಂದಿದ್ದೇನೆ ಎಂದು ಆಣೆ ಹಾಕಿ, ಹತ್ತಿಯಿಂದ ಮೆತ್ತಗೆ ಒರೆಸಿದೆ. ಕುಂಕುಮದ ಅಡಿಯಿಂದ ಕಿರೀಟ ಬಂತು. ಕಿರೀಟದ ಕೆಳಗೆ ಇಂಗ್ಲೆಂಡಿನ ರಾಜನ ಅಕ್ಷರ ಬಂತು. ಸುತ್ತಲಿನ ಪಟ್ಟಿಯಲ್ಲಿ ಆಫ್ರಿಕಾ ಎಂದು ಬಂತು.

ಛಲೋ ಐತಿ ಎಂದು ಹೇಳಿ ಬರಬೇಕು ಎಂಬ ಹೆಂಡತಿಯ ಮಾತು ನೆನಪಾಯಿತು. ಬಾಯಿ ಕೇಳಲಿಲ್ಲ. "ಆಯಿ, ಇದು ಯಂತ್ರ ಅಲ್ಲ. ಆಫ್ರಿಕಾದ ಯುದ್ಧಕ್ಕ ಹೋದಾವ್ರಿಗೆ ಕೊಟ್ಟ ಬಿಲ್ಲೆ. ನಿಮ್ಮ ಮಾವನವ್ರದ್ದ ಇರಬೇಕು. ಹಿಂದ ಹೆಸರ ಐತಿ ನೋಡ್ರಿ" ಅಂದೆ.

ಮನೆಯಲ್ಲಿ ಗಡಿಬಿಡಿ ಎದ್ದಿತು. ಸೊಸೆ ಬಾಯಿ ಮೇಲೆ ಕೈ ಇಟ್ಟಳು. ಮಗ, "ನೋಡ ಅವ್ವಾ, ನಾ ಹೇಳಿರ್ಲಿಲ್ಲ?" ಅಂದರು. ಅಜ್ಜಿ ಮಾತ್ರ ಅಲ್ಲಾಡಲಿಲ್ಲ. ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ನಾನು ಒರೆಸಿದ ಜಾಗಕ್ಕೆ ಮತ್ತೆ ಕುಂಕುಮ ಹಚ್ಚಿ ಜಗಲಿಯ ಮೇಲೆ ಕೂಡಿಸಿದರು.

"ಯುದ್ಧದಾಗಿಂದ ನಮ್ಮ ಮಾವನ ಜೀವಂತ ತಿರಗಿ ಕರಕೊಂಡ ಬಂದೈತಲ್ಲ?"

"ಹೌದ್ರಿ ಆಯಿ."

"ನಮ್ಮ ಬೋರಿಗೆ ನೀರ ಬೀಳಿಸೇತಲ್ಲ?"

"ಅದ ನನಗೊತ್ತಿಲ್ರಿ."

"ನನಗ ಗೊತ್ತೈತಿ. ಮತ್ತ ಯಾವ ಊರಿಂದಾದ್ರ ಏನು? ಬಂದ ಮ್ಯಾಲೆ ನಮ್ಮನೀದ."

ಮನೆಗೆ ಬಂದು ಹೆಂಡತಿಯ ಮುಂದೆ ಇದನ್ನೆಲ್ಲ ನಗುತ್ತ ಹೇಳಿದೆ. ಅವಳು ನಗಲಿಲ್ಲ. ಮುಂದಿನ ಸೋಮವಾರ ಅಥಣಿಗೆ ಹೋಗಿ, ಆ ಬಿಲ್ಲೆಯ ಮುಂದೆ ತೆಂಗಿನಕಾಯಿ ಒಡೆದು, ನನ್ನ ಬಾಯಿಗೆ ಬೀಗ ಬೀಳಲಿ ಎಂದು ಹರಕೆ ಹೊತ್ತು ಬಂದಳು.

೪. ಐದು ಮಂದಿ ಪಹರೆ

ಶಿರಗುಪ್ಪಿಯಿಂದ ಐದು ಮಂದಿ ಬಂದರು. ನಡುವೆ ಇದ್ದವರ ಕೈಯಲ್ಲಿ ಊಟದ ಡಬ್ಬಿ. ಉಳಿದ ನಾಲ್ವರು ಅವರ ಸುತ್ತ. ಬಸ್ಸಿನಲ್ಲಿಯೂ ಹೀಗೆಯೇ ನಿಂತು ಬಂದರಂತೆ, ಸೀಟು ಖಾಲಿ ಇದ್ದರೂ. ಒಬ್ಬರು ಅಂಗಡಿಯ ಬಾಗಿಲು ಅರ್ಧ ಮುಚ್ಚಿದರು. ಡಬ್ಬಿ ತೆಗೆದರೆ ಮೇಲೆ ಮೊಸರನ್ನ. ಅದರೊಳಗೆ ಕೈ ಹಾಕಿ ಪ್ಲಾಸ್ಟಿಕ್ ಚೀಲ ಎಳೆದರು. ಚೀಲದೊಳಗೆ ಅರಿವೆ, ಅರಿವೆಯೊಳಗೆ ಬಿಲ್ಲೆ.

"ಫೋನಿನ್ಯಾಗ ನೋಡೀವ್ರಿ. ಇಂಗ್ಲೆಂಡಿನ್ಯಾಗ ಇಂಥಾದ ಒಂದು ಕೋಟಿಗಟ್ಲೆ ಹೋಗೇತಿ" ಎಂದು ಒಬ್ಬರು ಪಿಸುಗುಟ್ಟಿದರು. ಅವರು ನೋಡಿದ್ದು ಮಹಾ ಶೌರ್ಯಕ್ಕೆ ಕೊಡುವ ಬೇರೆಯ ಪದಕ. ಇದು ಸಮವಸ್ತ್ರ ತೊಟ್ಟು ಒಂದು ತಿಂಗಳು ನಿಂತವನಿಗೂ ಸಿಕ್ಕದ್ದು. "ಮನಿತನದ ನೆನಪಿಗೆ ಭಾಳ ದೊಡ್ಡದ್ರಿ. ಮಾರಾಕ ಹೋದ್ರ ಸಾವಿರ ರೂಪಾಯಿ ಬಂದ್ರ ಹೆಚ್ಚ" ಎಂದೆ.

ಬಾಗಿಲು ಮುಚ್ಚಿದ್ದವರು ತಾವೇ ತೆಗೆದರು. ನಾಲ್ವರೂ ಹೊರಗೆ ಹೋದರು. ಡಬ್ಬಿಯವರು ಬಿಲ್ಲೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಹಿಂದೆ ನಡೆದರು. ಅರ್ಧ ತಾಸಿನ ಮೇಲೆ ಎದುರಿನ ಭಜಿ ಅಂಗಡಿಯವನು ಬಂದು ಬಿಲ್ಲೆಯನ್ನು ನನ್ನ ಮೇಜಿನ ಮೇಲೆ ಇಟ್ಟ.

"ನಿಮ್ಮ ಮಂದಿ ಭಜಿ ತಿಂದು, ರೊಕ್ಕಾ ಕೊಡಬೇಕಾದ್ರ ಕಿಸೇದಾಗಿಂದ ಇದನ್ನ ತಗದಿಟ್ಟು, ಮರತ ಬಸ್ ಹತ್ತಿದ್ರು, ಮಾಮಾ. ಮೊಸರನ್ನದ ಡಬ್ಬಿ ಮಾತ್ರ ಭದ್ರ ಒಯ್ದಾರ ನೋಡ್ರಿ."

೫. ಹುದ್ದೆ

ಇದು ನಡೆದದ್ದು ಹೋದ ಚಳಿಗಾಲ, ನಿಪ್ಪಾಣಿ ಕಡೆಯ ಒಂದು ಊರಿನಲ್ಲಿ. ಇವತ್ತಿಗೂ ನೆನೆಸಿಕೊಂಡರೆ ನನಗೆ ಮೊದಲು ಬೆವರು ಬರುತ್ತದೆ, ಆಮೇಲೆ ನಗು.

ಆ ಮನೆಯ ಯಜಮಾನರದು ಕಬ್ಬಿನ ಹೊಲ, ಗಟ್ಟಿ ಮನೆ, ಅದಕ್ಕಿಂತ ಗಟ್ಟಿ ಮೀಸೆ. ಪಡಸಾಲೆಯ ನಡುಗೋಡೆಗೆ ಅವರ ಅಜ್ಜನ ಬರ್ಮಾ ಯುದ್ಧದ ನಕ್ಷತ್ರ, ಗಾಜಿನ ಚೌಕಟ್ಟಿನೊಳಗೆ, ಮೇಲೊಂದು ಸಣ್ಣ ಕೆಂಪು ಬಲ್ಬು. ಒಬ್ಬನೇ ಮಗ. ಓದಿ ಬಂದು ಹೊಲ ಮಾಡುತ್ತಿದ್ದ. ಒಳ್ಳೆಯ ಹುಡುಗ, ಆದರೆ ಈಗ ಹೊಲ ಮಾಡುವವನಿಗೆ ಹೆಣ್ಣು ಕೊಡುವವರು ಯಾರು? ನಾಲ್ಕು ಕಡೆ ಮಾತು ಮುರಿದಿತ್ತು. ಐದನೆಯದು ಸಾಖರಪುಡಾ, ಅಂದರೆ ನಿಶ್ಚಿತಾರ್ಥದವರೆಗೆ ಕೂಡಿಬರುವ ಹಾಗಿತ್ತು. ಹುಡುಗಿ ರಾಯಬಾಗದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಳು. ಅವಳ ಅಜ್ಜ ಫೌಜಿನಿಂದ ನಿವೃತ್ತರಾದ ಸುಭೇದಾರರು. ಅವರದು ಒಂದೇ ಪಟ್ಟು. ಮೊಮ್ಮಗಳನ್ನು ಕೊಟ್ಟರೆ ಸಿಪಾಯಿ ಮನೆತನಕ್ಕೇ ಕೊಡುವುದು.

ಅವರು ಮನೆ ನೋಡಲು ಬರುವ ದಿನ ಯಜಮಾನರು ನನ್ನನ್ನೂ ಕರೆಸಿದರು. "ನೀವು ಏನೂ ಮಾಡಬ್ಯಾಡ್ರಿ. ಈ ಬಿಲ್ಲೆದ ಕಿಮ್ಮತ್ತ ಎಲ್ಲಾರ ಮುಂದ ಒಮ್ಮೆ ಹೇಳಿಬಿಡ್ರಿ, ಸಾಕು." ಹೊರಡುವಾಗ ಹೆಂಡತಿ ನನ್ನ ಅಂಗಿಯ ಗುಂಡಿ ಹಾಕುತ್ತ, "ಒಂದ ಹುಡುಗನ ಲಗ್ನದ ಮಾತೈತ್ರಿ. ಛಲೋ ಐತಿ ಅನ್ರಿ, ಊಟಾ ಮಾಡ್ರಿ, ಬರ್ರಿ" ಅಂದಳು. ನಾನು ಅವಳ ತಲೆಯ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಸುಭೇದಾರರು ಎಪ್ಪತ್ತೈದು ದಾಟಿದವರು, ಕೂತರೂ ನಿಂತ ಹಾಗೆ ಕಾಣುವವರು. ಜೊತೆಗೆ ಹುಡುಗಿಯೂ ಬಂದಿದ್ದಳು. ಚಹಾ ಆಯಿತು, ಚೂಡಾ ಆಯಿತು. ಸುಭೇದಾರರು ಚೌಕಟ್ಟಿನ ಮುಂದೆ ಹೋಗಿ ನಿಂತರು.

"ಯಾವ ಪಲ್ಟನ್ನಿನ್ಯಾಗ ಇದ್ರು?"

"ಹಳೇದ್ರಿ, ಭಾಳ ಹಳೇದು" ಅಂದರು ಯಜಮಾನರು.

"ಹಿಂದ ಬರದಿರ್ತೈತಿ. ತಗಸ್ರಿ ನೋಡೂಣು."

ಎಷ್ಟೋ ವರ್ಷದಿಂದ ಆ ಚೌಕಟ್ಟನ್ನು ಯಾರೂ ತೆಗೆದಿರಲಿಲ್ಲ. ನಾನೇ ಸ್ಕ್ರೂ ಬಿಚ್ಚಿದೆ. ಬಿಲ್ಲೆ ತಿರುವಿ, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡೆ. ನಂಬರು ಓದಿದೆ. ಹೆಸರು ಓದಿದೆ. ನಡುವೆ ಇದ್ದ ಒಂದು ಶಬ್ದ ಓದಲಿಲ್ಲ.

"ಹುದ್ದೆ?" ಅಂದರು ಸುಭೇದಾರರು.

ಪಡಸಾಲೆಯ ಅಷ್ಟೂ ಕಣ್ಣು ನನ್ನ ಮೇಲೆ. ಹುಡುಗ ನೆಲ ನೋಡುತ್ತಿದ್ದ. ನಾನು "ಛಲೋ ಐತ್ರಿ" ಅಂದೆ.

"ಛಲೋ ಅನ್ನೂ ಹುದ್ದೆ ನಮ್ಮ ಫೌಜಿನ್ಯಾಗ ಇಲ್ಲ. ಏನ್ ಬರದೈತಿ ಅದನ್ನ ಹೇಳ್ರಿ."

ಹೆಂಡತಿಯ ತಲೆಯ ಮೇಲೆ ಇಟ್ಟ ಕೈ ನೆನಪಾಯಿತು. ಆದರೂ ಬಾಯಿ ತೆರೆಯಿತು. "ಕುಕ್ ಅಂತ ಐತ್ರಿ. ಪಲ್ಟನ್ನಿನ ಅಡಗಿ ಮಾಡಾವ್ರು."

ಯಜಮಾನರು ಎದ್ದು ನಿಂತರು. ಮೀಸೆ ನಡುಗುತ್ತಿತ್ತು. "ಆಗೂದ ಇಲ್ಲ! ತಪ್ಪ ಓದೀರಿ! ನಮ್ಮ ಅಜ್ಜ ಬರ್ಮಾದಾಗ ಒಂದ ಮುಂಜಾನ್ಯಾಗ ನಲವತ್ತ ಕುತ್ತಿಗಿ ಕತ್ತರಿಸ್ಯಾರ. ಊರ ಮಂದಿಗೆಲ್ಲಾ ಗೊತ್ತೈತಿ!"

ಒಳಗಿನ ಬಾಗಿಲ ಹೊಸ್ತಿಲ ಮೇಲೆ ಅವರ ತಾಯಿ ಕೂತಿದ್ದರು. ಆ ಅಜ್ಜನ ಸೊಸೆ, ತೊಂಬತ್ತರ ಹತ್ತಿರದವರು. ಶೇಂಗಾ ಸುಲಿಯುವುದನ್ನು ನಿಲ್ಲಿಸದೆ ಹೇಳಿದರು. "ನಲವತ್ತ ಖರೆ. ಆದ್ರ ಕೋಳಿ."

"ಅವ್ವಾ!"

"ದೊಡ್ಡ ಸಾಹೇಬ ಊಟಕ್ಕ ಬಂದಿದ್ದನಂತ. ಮಾವ ನನಗ ಹೇಳ್ತಿದ್ರು."

"ಗೊತ್ತಿದ್ದು ಇಷ್ಟ ವರ್ಷ ಯಾಕ ಸುಮ್ನಿದ್ದಿ?"

"ಯಾರ ಕೇಳಿದ್ರಪ್ಪಾ? ನನಗ ಪೂರಣಪೋಳಿ ಮಾಡಾಕ ಕಲಿಸಿದಾವ್ರ ಅವರು. ಬಂದೂಕ ಹಿಡದ ಕೈಲೆ ಕಣಕ ಹಂಗ ನಾದಾಕ ಬರ್ತೈತೇನು?"

ಯಾರೂ ನಗಲಿಲ್ಲ. ಐದನೆಯ ಸಂಬಂಧವೂ ಮುರಿಯಿತು, ಮುರಿದವನು ನಾನು ಎಂದು ಭೂತಗನ್ನಡಿ ತೆಗೆದು ಕಿಸೆಗೆ ಹಾಕಿಕೊಂಡೆ. ಸುಭೇದಾರರು ಎದ್ದರು. ಹೊರಡುತ್ತಾರೆ ಎಂದುಕೊಂಡೆವು. ಅವರು ಬಿಲ್ಲೆಯನ್ನು ಕೈಯಲ್ಲಿ ತೆಗೆದುಕೊಂಡು, ಮೇಜಿನ ಮೇಲೆ ನೇರವಾಗಿ ಇಟ್ಟು, ಕಾಲು ಜೋಡಿಸಿ ಸೆಲ್ಯೂಟ್ ಹೊಡೆದರು.

"ಗುಡ್ಡದ ಮ್ಯಾಲೆ ಮೂರ ದಿನ ಉಪವಾಸ ಕೂತೇನಿ ನಾ. ಮ್ಯಾಲಿಂದ ಗುಂಡ ಬೀಳಾಕತ್ತಿದ್ವು. ಆವಾಗ ಬೆನ್ನ ಮ್ಯಾಲೆ ದಾಲಿನ ಹಂಡೆ ಹೊತ್ತ ತೆವಳಿಕೋತ ಬಂದಾಂವ ನಮ್ಮ ಕುಕ್. ನನ್ನ ಕೈಯಾಗರೆ ಬಂದೂಕ ಇತ್ತು. ಅಂವನ ಕೈಯಾಗ ಸೌಟ ಬಿಟ್ರ ಏನೂ ಇರ್ಲಿಲ್ಲ. ಅಂವಾ ಸಿಪಾಯಿ ಅಲ್ಲ ಅಂದ್ರ ನಾನೂ ಅಲ್ಲ."

ಆಗ ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗಿ ಹುಡುಗನ ಕಡೆ ತಿರುಗಿದಳು.

"ನಿಮಗ ಅಡಗಿ ಬರ್ತೈತೇನ್ರಿ?"

ಹುಡುಗ ಅಪ್ಪನ ಮೀಸೆ ನೋಡಿದ, ಅಜ್ಜಿಯನ್ನು ನೋಡಿದ. "ಬರ್ತೈತ್ರಿ. ಅಜ್ಜಿ ಕಲಿಸ್ಯಾಳ. ಅಪ್ಪ ಊರಾಗ ಇಲ್ಲದಾಗ ನಾನ ಮಾಡ್ತೀನಿ."

ಯಜಮಾನರು ಕುರ್ಚಿ ಹುಡುಕಿಕೊಂಡು ಕೂತರು. ಹುಡುಗಿ ಬಗ್ಗಿ ತನ್ನ ಅಜ್ಜನ ಕಿವಿಯಲ್ಲಿ ಏನೋ ಅಂದಳು. ಸುಭೇದಾರರು ಎರಡು ಸಲ ಕೆಮ್ಮಿದರು. ಅಷ್ಟು ಹೊತ್ತು ನೆಟ್ಟಗಿದ್ದ ಬೆನ್ನು ಮೊದಲ ಸಲ ಬಗ್ಗಿತು.

"ಯಜಮಾನ್ರ, ನಿಮ್ಮದ ಬಯಲಾತು. ಈಗ ನಮ್ಮದೂ ಹೇಳಿಬಿಡ್ತೀನಿ. ಹದಿನೈದ ದಿನದಿಂದ ಇದನ್ನ ಹೆಂಗ ಹೇಳೂದಂತ ನಮ್ಮ ಮನ್ಯಾಗ ಯಾರೂ ನಿದ್ದಿ ಮಾಡಿಲ್ಲ. ಈಕಿ ಬ್ಯಾಂಕ್ ನಡಸ್ತಾಳ, ಕಾರ್ ಹೊಡೀತಾಳ, ಯಾರಿಗೂ ಅಂಜೂದಿಲ್ಲ. ಆದ್ರ ಈಕಿ ಒಲಿ ಹಚ್ಚಿದ್ಲಂದ್ರ, ಗುಂಡಿಗೆ ಎದಿ ಕೊಟ್ಟ ನಾನ ಮದಲ ಎದ್ದು ಅಂಗಳಕ್ಕ ಓಡ್ತೀನಿ. ಸಾಖರಪುಡಾ ಈ ವಾರದಾಗ ಮುಗಿಸಿಬಿಡೂಣು ಬರ್ರಿ, ನೀವು ಮನಸ ಬದಲ ಮಾಡೂದ್ರೊಳಗ!"